ಮಾಸ್ತರರ ಒಂದೇ ಒಂದು ವನ್ಸ್‌ಮೋರ್

ಹೋದ ವಾರ ನಮ್ಮ ಹೈಸ್ಕೂಲಿನಲ್ಲಿ ಮಾಸ್ತರರ ಸಂತಾಪಸಭೆ ನಡೆಯಿತು. ಮಾತಾಡಿದವರೆಲ್ಲ ಒಂದೇ ಪಾಠ ಒಪ್ಪಿಸಿದರು. ಶಿಸ್ತಿನ ಮನುಷ್ಯ, ಇಂಗ್ಲಿಷ್ ವ್ಯಾಕರಣದಲ್ಲಿ ಗಟ್ಟಿಗ, ನಾಟಕ ಸಂಗೀತಗಳೆಂದರೆ ಆಗದವರು. ಒಬ್ಬ ವಕೀಲರಂತೂ ಇನ್ನೂ ಮುಂದೆ ಹೋಗಿ, "ಶಾಲೆಯ ಗ್ಯಾದರಿಂಗಿನಲ್ಲಿ ಯಾರಾದರೂ ಹಾಡು ಮುಗಿಸುವ ಹೊತ್ತಿಗೆ ಮಾಸ್ತರರು ಹೆಗಲ ಮೇಲಿನ ಉಪರಣೆ ಎಳೆದು ಬಾಯಿಗೆ ಒತ್ತಿ ಹಿಡಿಯುತ್ತಿದ್ದರು, ಅಷ್ಟು ಬೇಸರ ಅವರಿಗೆ" ಎಂದರು. ಸಭೆ ನಕ್ಕಿತು. ನನಗೆ ಮೈಯೆಲ್ಲ ಉರಿಯಿತು. ಎದ್ದು ನಿಂತು ನಾಲ್ಕು ಮಾತು ಅನ್ನಬೇಕೆಂದುಕೊಂಡೆ. ಮೊಣಕಾಲು ಬೇರೆ ನೋಯುತ್ತಿತ್ತು, ಸತ್ತವರ ಸಭೆಯಲ್ಲಿ ಜಗಳ ಯಾಕೆಂದು ಸುಮ್ಮನೆ ಕುಳಿತೆ. ಮನೆಗೆ ಬಂದ ಮೇಲೂ ಸಮಾಧಾನವಾಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಆ ಉಪರಣೆಯ ಸಂಗತಿ ಬಲ್ಲವನು ಈಗ ನಾನೊಬ್ಬನೇ ಉಳಿದಿದ್ದೇನೆ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬದುಕಿದ್ದಾಗಲೂ ಯಾರೂ ಹೆಸರು ಹಿಡಿದು ಕರೆದವರಲ್ಲ. ಬಾಗಲಕೋಟೆಯಲ್ಲಿ ಮಾಸ್ತರು ಬೇಕಾದಷ್ಟು ಜನ ಇದ್ದರು, ಆದರೆ ಬರೀ "ಮಾಸ್ತರು" ಎಂದರೆ ಅವರೊಬ್ಬರೇ.

ನಾನು ಹುನಗುಂದದವನು. ಇದು ಹದಿನಾಲ್ಕನೇ ಇಸವಿಯ ದೊಡ್ಡ ಲಡಾಯಿಗಿಂತ ಮುಂಚಿನ ಮಾತು. ಆಗ ನಮ್ಮ ಕಡೆಯ ಹುಡುಗರು ಮ್ಯಾಟ್ರಿಕ್ ಕಟ್ಟಬೇಕೆಂದರೆ ಬಾಗಲಕೋಟೆಗೆ ಬಂದು ಬಾಡಿಗೆ ಖೋಲಿ ಹಿಡಿದು ಓದಬೇಕಾಗಿತ್ತು. ಊರ ಕಡೆಯಿಂದ ಬರುವ ಚಕ್ಕಡಿಯಲ್ಲಿ ಕಟಕ ರೊಟ್ಟಿಯ ಗಂಟು, ಶೇಂಗಾಹಿಂಡಿ ಬರುತ್ತಿದ್ದವು. ಒಬ್ಬನ ಗಂಟು ಬಂದರೆ ಖೋಲಿಗೆಲ್ಲ ಹಬ್ಬ.

ಮಾಸ್ತರರು ನಮಗೆ ಇಂಗ್ಲಿಷ್ ಕಲಿಸುತ್ತಿದ್ದರು. ಕಮತಗಿಯ ಕಡೆಯವರು. ಎತ್ತರದ ಸಣಕಲು ಮೈ, ಧೋತರ, ನೆತ್ತಿಯ ಮೇಲೆ ರುಮಾಲು, ಬೇಸಿಗೆಯಲ್ಲೂ ಕುತ್ತಿಗೆಯವರೆಗೆ ಗುಂಡಿ ಹಾಕಿದ ಕರಿ ಕೋಟು, ಹೆಗಲ ಮೇಲೆ ಶಲ್ಯದಂಥ ಉಪರಣೆ. ಸೀಮೆಸುಣ್ಣದ ತುಂಡು ಕೋಟಿನ ಕಿಸೆಯಲ್ಲೇ ಇಡುತ್ತಿದ್ದರಿಂದ ಆ ಕಿಸೆ ಮಾತ್ರ ಯಾವಾಗಲೂ ಬೆಳ್ಳಗೆ. ತಪ್ಪು ಉತ್ತರ ಕೊಟ್ಟವನು ತಾಸು ಮುಗಿಯುವವರೆಗೆ ನಿಂತಿರಬೇಕು. ಸರಿಯಾದ ಉತ್ತರಕ್ಕೆ ಶಾಬಾಸ್ ಅನ್ನುವ ರೂಢಿ ಅವರಿಗಿರಲಿಲ್ಲ. "ಹೂಂ, ಕುಂದ್ರು" ಅನ್ನುತ್ತಿದ್ದರು, ಅಷ್ಟೇ. ಅದಕ್ಕಿಂತ ದೊಡ್ಡ ಮಾತು ಅವರ ಬಾಯಿಂದ ಯಾರೂ ಕೇಳಿರಲಿಲ್ಲ. ಒಮ್ಮೆ ನಮ್ಮ ಅಪ್ಪ ಊರಿನಿಂದ ಬಂದವನು ಕೈಮುಗಿದು, "ನಮ್ಮ ಹುಡುಗ ಹೆಂಗದಾನ್ರಿ?" ಎಂದು ಕೇಳಿದ. ಮಾಸ್ತರರು ಸ್ವಲ್ಪ ಯೋಚಿಸಿ, "ಅಡ್ಡಿಯಿಲ್ಲ, ಕುಂದ್ರತಾನ" ಎಂದರು. ಅಪ್ಪ ಖೋಲಿಗೆ ಬಂದು ನನ್ನನ್ನು ತರಾಟೆಗೆ ತೆಗೆದುಕೊಂಡ. "ಏನಲೇ, ಬರೇ ಕುಂದರಾಕ ನಿನ್ನ ಇಷ್ಟು ದೂರ ಕಳಿಸೇನೇನು?" ಅವನಿಗೆ ತಿಳಿಸಿ ಹೇಳುವಷ್ಟರಲ್ಲಿ ಸಾಕುಸಾಕಾಯಿತು.

ಆ ವರ್ಷ ದೀಪಾವಳಿ ಮುಗಿಯುತ್ತಿದ್ದಂತೆ ಸ್ಟೇಶನ್ನಿನ ಕಡೆಯ ಬಯಲಿನಲ್ಲಿ ಒಂದು ನಾಟಕ ಕಂಪನಿ ತಗಡಿನ ಥೇಟರು ಎಬ್ಬಿಸಿತು. ಮುಗಿಯಿತು, ನಮ್ಮ ಓದು ಹಳ್ಳ ಹಿಡಿಯಿತು. ಟಾಂಗಾದಲ್ಲಿ ಬಾಜಾ ಬಾರಿಸುತ್ತ ಬಂದು ಗುಲಾಬಿ ಬಣ್ಣದ ಹ್ಯಾಂಡಬಿಲ್ಲು ತೂರುತ್ತಿದ್ದರು. ನಾವು ಅವನ್ನು ಆರಿಸಿ ಪುಸ್ತಕದೊಳಗೆ ಇಟ್ಟುಕೊಳ್ಳುತ್ತಿದ್ದೆವು. ರಾಜಾಪಾರ್ಟಿನವನು ಬೈತಲೆ ತೆಗೆದ ಹಾಗೆ ನಮ್ಮದೂ ಬೈತಲೆ. ಶೆಂಡಿ ಕತ್ತರಿಸಿ ಕ್ರಾಪು ಬಿಟ್ಟವನಿಗೆ ಮನೆಯಲ್ಲಿ ಒದೆ, ಕ್ಲಾಸಿನಲ್ಲಿ ಮರ್ಯಾದೆ. ರಾಣಿಯ ಪಾರ್ಟು ಮಾಡುವ ಗಂಡಸು ಸೀರೆಯ ಸೆರಗು ಹೊದೆಯುವ ರೀತಿ ನೋಡಿ ಊರಿನ ಹೆಣ್ಣುಮಕ್ಕಳೇ ತಮ್ಮ ಸೆರಗು ತಿದ್ದಿಕೊಂಡರಂತೆ. ಚಹಾದ ಅಂಗಡಿ, ಗೋಲಿ ಸೋಡಾ, ಒಮ್ಮೆ ಬಂದು ಹೋದ ಬಯಸ್ಕೋಪು, ಎಲ್ಲ ಆ ಒಂದೇ ವರ್ಷ ನಮ್ಮ ಪಾಲಿಗೆ ಬಂದವು.

ಎಲ್ಲಕ್ಕಿಂತ ಮೋಜಿನದು ವನ್ಸ್‌ಮೋರ್. ಹಾಡು ಹಿಡಿಸಿದರೆ ಪ್ರೇಕ್ಷಕರು "ವನ್ಸ್‌ಮೋರ್!" ಎಂದು ಕೂಗಬೇಕು, ನಟ ಮೊದಲಿನಿಂದ ಮತ್ತೆ ಹಾಡಬೇಕು, ಇದು ಕಂಪನಿ ನಾಟಕದ ಕಾಯಿದೆ. ಇಂಗ್ಲಿಷಿನ ಗಂಧವಿಲ್ಲದ ಹಮಾಲನೂ ಆ ಎರಡು ಶಬ್ದ ಬಲ್ಲ. ಬಾಣ ತಾಗಿ ಸತ್ತು ಬಿದ್ದ ರಾಜಕುಮಾರ ಕೂಗು ಕೇಳಿ ಎದ್ದು, ಧೂಳು ಕೊಡವಿಕೊಂಡು, ಮತ್ತೊಮ್ಮೆ ಹಾಡಿ ಮತ್ತೊಮ್ಮೆ ಸತ್ತದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ.

ಮಾಸ್ತರರು ಮ್ಯಾಟ್ರಿಕ್ ಕ್ಲಾಸಿನವರಿಗೆ ನಾಟಕವನ್ನು ಬಂದ್ ಮಾಡಿಬಿಟ್ಟರು. ಹಿಡಿಯುವ ಉಪಾಯವೂ ಅವರ ಹತ್ತಿರವೇ ಇತ್ತು. ಒಂದು ಸೋಮವಾರ ಪಾಠದ ನಡುವೆ, ಪುಸ್ತಕದಿಂದ ತಲೆ ಎತ್ತದೆ, "ರಾಣಿ ಪಾರ್ಟಿನವಗ ನಿನ್ನೆ ಗಂಟಲ ಕಟ್ಟಿತ್ತಂತಲ್ಲ?" ಎಂದರು.

"ಇಲ್ರಿ ಮಾಸ್ತರ, ಭಾಳ ಚೊಲೋ ಹಾಡಿದ್ರಿ!" ಹಿಂದಿನ ಬೆಂಚಿನಿಂದ ಉತ್ತರ ಬಂದೇಬಿಟ್ಟಿತು.

"ಹೌದಾ? ನಿಲ್ಲು. ನಿನ್ನ ಸಂಗಾಟ ಯಾರ್ಯಾರು ಇದ್ರೋ ಅವರೂ ನಿಲ್ಲರಿ."

ಅರ್ಧ ಕ್ಲಾಸು ಎದ್ದು ನಿಂತಿತು. ಮಾಸ್ತರರು ಬೆತ್ತ ಮುಟ್ಟಲಿಲ್ಲ. "ಇದು ಕಂಪನಿ ಥೇಟರ ಅಲ್ಲ. ಮ್ಯಾಟ್ರಿಕ್ಕಿನಾಗ ಯಾರೂ ನಿಮಗ ವನ್ಸ್‌ಮೋರ್ ಅನ್ನೂದಿಲ್ಲ. ಒಮ್ಮೆ ಕೆಟ್ರ ಕೆಟ್ಟಹಾಂಗ" ಎಂದರು. ಈ ಮಾತನ್ನು ಆ ವರ್ಷ ಎಷ್ಟು ಸಲ ಕೇಳಿದೆವೋ. ಅವರು ಬಾಯಿ ತೆರೆಯುವ ಮೊದಲೇ ನಾವು ತುಟಿಯಲ್ಲೇ ಅಂದುಕೊಂಡು ನಗುತ್ತಿದ್ದೆವು.

ಹಿಂದಿನ ಬೆಂಚಿನಿಂದ ಹಾಗೆ ಬಾಯಿ ಬಿಟ್ಟವನು ದಾವಲ. ಇಳಕಲ್ಲಿನವನು, ನನ್ನ ಖೋಲಿಯವನು. ಅವನ ಅಪ್ಪ ಬಂದಗಿಸಾಬ ಸೀರೆಯ ರೇಷ್ಮೆ ನೂಲಿಗೆ ಬಣ್ಣ ಹಾಕುವವನು. ಇಳಕಲ್ ಸೀರೆಯ ಸೆರಗಿನ ಆ ಕೆಂಪು ಇದೆಯಲ್ಲ, ಅದು ಬಂದಗಿಸಾಬನ ಎರಡೂ ಕೈಗಳಿಗೆ ಮೊಣಕೈಯ ತನಕ ಹತ್ತಿಕೊಂಡಿತ್ತು. ದಾವಲನ ಅಜ್ಜ ಮೊಹರಮ್ಮಿನ ಪದ ಹಾಡುವುದರಲ್ಲಿ ಹೆಸರಾದವನಂತೆ. ಆ ದನಿ ಮೊಮ್ಮಗನಿಗೆ ಬಂದಿತ್ತು. ಕಂಪನಿಯ ಹಾಡನ್ನು ಒಮ್ಮೆ ಕೇಳಿದರೆ ಸಾಕು, ಮರುದಿನ ಖೋಲಿಯಲ್ಲಿ ರೊಟ್ಟಿ ಮುರಿಯುತ್ತ ಹಾಡುತ್ತಿದ್ದ. ಕಾಡಿಗೆ ಹೊರಟ ರಾಜನನ್ನು ರಾಣಿ ತಡೆದು "ತುಸು ನಿಲ್ಲೋ" ಎನ್ನುವ ಒಂದು ಹಾಡಿತ್ತು. ದಾವಲ ಅದನ್ನು ಹಾಡಿದರೆ ಓಣಿಯಲ್ಲಿ ನೀರು ಹೊತ್ತು ಹೋಗುವವರು ನಿಜಕ್ಕೂ ನಿಲ್ಲುತ್ತಿದ್ದರು.

ಅರಳೆ ವ್ಯಾಪಾರದ ಒಬ್ಬ ಸಾಹುಕಾರರ ಕಟ್ಟೆಯ ಮೇಲೆ ಗ್ರಾಮೋಫೋನು ಇಟ್ಟಿದ್ದರು. ಸಂಜೆ ಪ್ಲೇಟು ಹಚ್ಚಿದರೆ ನಾವೆಲ್ಲ ಅಲ್ಲೇ. ಆಗಿನ ಪ್ಲೇಟುಗಳಲ್ಲಿ ಹಾಡು ಮುಗಿದ ಮೇಲೆ ಹಾಡಿದವರು ಇಂಗ್ಲಿಷಿನಲ್ಲಿ "ಮೈ ನೇಮ್ ಈಜ್" ಎಂದು ತಮ್ಮ ಹೆಸರು ಹೇಳುತ್ತಿದ್ದರು. ದಾವಲನಿಗೆ ಹಾಡಿಗಿಂತ ಅದರ ಹುಚ್ಚು ಹೆಚ್ಚು. ಖೋಲಿಯಲ್ಲಿ ಯಾವ ಹಾಡು ಹಾಡಿದರೂ ಕೊನೆಗೆ ಮೂಗು ಬಿಗಿಹಿಡಿದು, ತಗಡಿನ ದನಿ ತೆಗೆದು ತನ್ನ ಹೆಸರು ಹೇಳುವುದೇ. ಒಂದು ದಿನ ಕ್ಲಾಸಿನಲ್ಲೂ ಬಾಯಿ ತಪ್ಪಿ ಹಾಗೇ ಅಂದುಬಿಟ್ಟ. ಮಾಸ್ತರರು ಗದರುತ್ತಾರೆ ಎಂದುಕೊಂಡೆವು. ಅವರು, "ಈಜ್ ಅಲ್ಲ, ಇಜ್. ಗಿಡ್ಡ ಮಾಡು. ಹಂಗ ಎಳದ್ರ ಹೆಸರು ಹೇಳೂದರಾಗ ಪ್ಲೇಟು ಮುಗೀತದ" ಎಂದರು. ಮೂರು ಸಲ ಹೇಳಿಸಿದರು. ಆಮೇಲೆ, "ಹೂಂ, ಕುಂದ್ರು." ಪ್ಲೇಟಿನ ಉದ್ದಗಿಡ್ಡ ಮಾಸ್ತರರಿಗೆ ಹೇಗೆ ಗೊತ್ತು ಎಂದು ನಮಗೆ ಯಾರಿಗೂ ಹೊಳೆಯಲಿಲ್ಲ.

ಮ್ಯಾಟ್ರಿಕ್ ಪರೀಕ್ಷೆಗೆ ಧಾರವಾಡಕ್ಕೆ ಹೋಗಬೇಕಿತ್ತು. ನಮ್ಮನ್ನು ಕರೆದುಕೊಂಡು ಹೊರಟವರು ಮಾಸ್ತರರೇ. ಬಂದಗಿಸಾಬ ಇಳಕಲ್ಲಿನಿಂದ ಚಕ್ಕಡಿ ಕಟ್ಟಿಕೊಂಡು ಸ್ಟೇಶನ್ನಿಗೆ ಬಂದು, "ಮಾಸ್ತರ, ಇವ ಇನ್ನ ನಿಮ್ಮ ಮಗಾರಿ. ನೀವು ಹೋಗು ಅಂದಲ್ಲಿ ಹೋಗ್ಲಿ, ಬ್ಯಾಡ ಅಂದ್ರ ಬ್ಯಾಡ" ಎಂದು ಕೆಂಪು ಕೈ ಜೋಡಿಸಿದ.

ಗಾಡಿ ಬದಾಮಿ ದಾಟಿದ ಮೇಲೆ ದಾವಲ ಮೆಲ್ಲಗೆ ಶುರುಮಾಡಿದ. ಕಂಪನಿಯ ಹಾರ್ಮೋನಿಯಂ ಬಾರಿಸುವವನು ಅವನ ಹಾಡು ಕೇಳಿದ್ದನಂತೆ. ಪ್ಲೇಟು ಮಾಡುವ ಸಾಹೇಬರು ಹುಬ್ಬಳ್ಳಿಗೆ ಬಂದು ಬಂಗಲೆಯಲ್ಲಿ ಇಳಿಯುತ್ತಾರೆ, ಪರೀಕ್ಷೆ ಮುಗಿಸಿಕೊಂಡು ಬಾ, ಒಂದು ಹಾಡು ತುಂಬಿಸುತ್ತೇನೆ ಎಂದಿದ್ದನಂತೆ.

"ಹೋಗ್ಲೇನ್ರಿ ಮಾಸ್ತರ? ಅಪ್ಪಗ ಹೇಳೇನ್ರಿ, ನೀವು ಬ್ಯಾಡ ಅಂದ್ರ ಬಿಡ್ತೇನ್ರಿ."

ಮಾಸ್ತರರು ಕಿಟಕಿಯ ಹೊರಗೆ ನೋಡುತ್ತ ಕುಳಿತರು. ಮಲಪ್ರಭೆಯ ಸೇತುವೆ ಹೋಯಿತು, ಹೊಳೆ ಆಲೂರು ಹೋಯಿತು. ಇನ್ನೇನು ಬೈಗುಳವೇ ಎಂದು ನಾನು ಕಾಯುತ್ತಿದ್ದೆ. ಗದಗು ಹತ್ತಿರ ಬಂದಾಗ ಅವರು ತಿರುಗಿ, "ನಾ ಮೊದಲನೇ ಸಲ ಮ್ಯಾಟ್ರಿಕ್ ಕೆಟ್ಟೆ, ಗೊತ್ತದ ಏನು?" ಎಂದರು. "ಪರೀಕ್ಷಾದ ಹಿಂದಿನ ದಿನ ನಾಟಕಕ್ಕ ಹೋಗಿದ್ದೆ. ಹಾಡು ಕೇಳಿದ್ರ ನನಗ ತಲಿ ನಿಲ್ಲೂದಿಲ್ಲ. ಮನ್ಯಾಗ ಅಪ್ಪ ನನ್ನ ಸಂಗಾಟ ಮಾತು ಬಿಟ್ಟ. ಆ ದಿನದಿಂದ ಥೇಟರದ ಕಡೆ ಮಾರಿ ಹಾಕಿಲ್ಲ." ಆಮೇಲೆ ದಾವಲನ ಕಡೆ ಬೆರಳು ಮಾಡಿ, "ಎಲ್ಲಾ ಪೇಪರು ನೆಟ್ಟಗ ಬರಿ. ಬರದ ಮ್ಯಾಲೆ ನಾನಽ ಕರಕೊಂಡು ಹೋಗ್ತೇನಿ" ಎಂದರು.

ದಾವಲ ಬರೆದ. ಉಳಿದ ಹುಡುಗರನ್ನು ಊರಿನ ಗಾಡಿ ಹತ್ತಿಸಿ, ಕೊಟ್ಟ ಮಾತಿನಂತೆ ಮಾಸ್ತರರು ಅವನನ್ನು ಹುಬ್ಬಳ್ಳಿಯ ಬಂಗಲೆಗೆ ಕರೆದೊಯ್ದರು. ನಾನೂ ಬೆನ್ನುಹತ್ತಿದೆ.

ಅಲ್ಲಿ ಒಂದು ದೊಡ್ಡ ಖೋಲಿ. ಕಿಟಕಿಗಳಿಗೆಲ್ಲ ಕಂಬಳಿ ಬಿಗಿದಿದ್ದರು. ಗೋಡೆಯಿಂದ ಒಂದು ತಗಡಿನ ಕೊಳವೆ ಹೊರಗೆ ಚಾಚಿತ್ತು, ಅದರ ಹಿಂದೆ ಯಂತ್ರ, ಯಂತ್ರದ ಮೇಲೆ ಮೇಣದ ತಟ್ಟೆ. ಹಾಡುವವನು ಕೊಳವೆಯ ಬಾಯಿಗೆ ಮುಖವಿಟ್ಟು ಹಾಡಿದರೆ ದನಿ ಮೇಣದ ಮೇಲೆ ಕೊರೆಯುತ್ತದೆ. ಅದನ್ನು ವಿಲಾಯತಿಗೆ ಕಳಿಸಿದರೆ ಪ್ಲೇಟಾಗಿ ಬರುತ್ತದೆ. ಸಾಹೇಬನಿಗೆ ಕನ್ನಡ ಬಾರದು, ಹಾರ್ಮೋನಿಯಂದವನಿಗೆ ಇಂಗ್ಲಿಷ್ ಬಾರದು. ಹೀಗಾಗಿ ಮಾಸ್ತರರು ಅರ್ಥ ಹೇಳುವವರಾಗಿ ಒಳಗೇ ನಿಂತರು. ಆ ದಿನ ಒಬ್ಬ ದೊಡ್ಡ ಗಾಯಕಿಯ ಹಾಡುಗಳು ಇದ್ದವು. ಅವರು ಬರುವ ಮೊದಲು ಸಿಕ್ಕ ಸಂದಿನಲ್ಲಿ ದಾವಲನದೊಂದು. ಇದ್ದ ತಟ್ಟೆಗಳಲ್ಲಿ ಒಂದನ್ನು ಸಾಹೇಬ ಗೊಣಗುತ್ತಲೇ ಕೊಟ್ಟಿದ್ದ.

ಸಾಹೇಬ ಮಾಸ್ತರರಿಗೆ ಏನೋ ಹೇಳಿದ. ಮಾಸ್ತರರು ನಮ್ಮ ಕಡೆ ತಿರುಗಿ, ಕ್ಲಾಸಿನ ದನಿಯಲ್ಲೇ, "ಕೇಳ್ರಿ. ಹಾಡು ಮುಗದ ಮ್ಯಾಲೆ ಇವ ಹೆಸರು ಹೇಳಬೇಕು. ಸಾಹೇಬರು ಎತ್ತಿದ ಕೈ ಇಳಿಸೂತನಕಾ ಯಾರೂ ಪಿಟ್ ಅನ್ನಬಾರದು. ಕೆಮ್ಮಿದ್ರೂ ತಟ್ಟಿ ಕೆಡ್ತದ. ತಿಳೀತೇನು?" ಎಂದರು. ನಾನು ಹೆದರಿ ಗೋಡೆಗೆ ಅಂಟಿ ನಿಂತೆ.

ದಾವಲ ಹಾಡಿದ. "ತುಸು ನಿಲ್ಲೋ" ಹಾಡನ್ನೇ ಹಾಡಿದ. ನಾನು ಅದನ್ನು ಖೋಲಿಯಲ್ಲಿ ನೂರಾರು ಸಲ ಕೇಳಿದ್ದೆ, ಆದರೆ ಅವತ್ತಿನದು ಬೇರೆ. ಹೇಳಲು ನನಗೆ ಬರುವುದಿಲ್ಲ. ಕೊನೆಗೆ ಆ "ನಿಲ್ಲೋ" ಎಂಬುದನ್ನು ಮೇಲೆ ಒಯ್ದು, ಅಲ್ಲೇ ತುಸು ಹಿಡಿದು, ನೆಲಕ್ಕೆ ಮಗುವನ್ನು ಇಳಿಸುವ ಹಾಗೆ ಇಳಿಸಿದ. ಸಾಹೇಬನ ಕೈ ಮೇಲೆಯೇ ಇತ್ತು. ದಾವಲ ಹೆಸರು ಹೇಳಲು ಉಸಿರು ತೆಗೆದುಕೊಂಡ.

"ವನ್ಸ್‌ಮೋರ್!"

ಖೋಲಿ ನಡುಗುವಂಥ ಕೂಗು. ನಾನು ಬಾಗಿಲ ಕಡೆ ನೋಡಿದೆ, ಹೊರಗಿನವರು ಯಾರೋ ಎಂದು. ಅಲ್ಲ. ಮಾಸ್ತರರು. ಬಲಗೈ ಮೇಲೆತ್ತಿ, ರುಮಾಲು ಓರೆಯಾಗಿ, ಕಣ್ಣಲ್ಲಿ ನೀರು ತುಂಬಿಕೊಂಡು ನಿಂತಿದ್ದಾರೆ. ಅಷ್ಟು ವರ್ಷ ಅವರು ಗಂಟಲಲ್ಲಿ ತಡೆದಿಟ್ಟದ್ದೆಲ್ಲ ಒಮ್ಮೆಗೇ ಹೊರಗೆ ಬಿದ್ದಿತ್ತು. ಇತ್ತ ದಾವಲ ಇನ್ನೇನು ಮಾಡಿಯಾನು? ಅವನೂ ಕಂಪನಿ ನಾಟಕ ನೋಡಿ ಬೆಳೆದವನೇ. ವನ್ಸ್‌ಮೋರ್ ಬಿತ್ತಲ್ಲ, ಹೆಸರು ಹೇಳುವುದನ್ನು ಮರೆತು ಪಲ್ಲವಿಯಿಂದ ಮತ್ತೆ ಎತ್ತಿಕೊಂಡ! ಹಾರ್ಮೋನಿಯಂದವನೂ ರೂಢಿಯಂತೆ ಬೆನ್ನುಹತ್ತಿ ಬಾರಿಸಿದ. ಸಾಹೇಬ ಕೈ ಬೀಸಿ ಕುಣಿದಾಡಿ ಯಂತ್ರ ನಿಲ್ಲಿಸುವ ತನಕ ಮೂವರಿಗೂ ಎಚ್ಚರವೇ ಇರಲಿಲ್ಲ.

ನನಗೆ ನಗು ಬಂತು, ದಾವಲನಿಗೂ ಬಂತು. ಮಾಸ್ತರರ ಮುಖ ನೋಡಿ ಇಬ್ಬರದೂ ನಿಂತುಹೋಯಿತು.

ಅವರು ಸಾಹೇಬನ ಮುಂದೆ ಕೈಮುಗಿದರು. ಇನ್ನೊಂದು ತಟ್ಟೆ ಕೊಡಿರೆಂದು ಬೇಡಿದರು. ಇಡೀ ಜಿಲ್ಲೆಗೆ ಇಂಗ್ಲಿಷ್ ಕಲಿಸಿದ ಮನುಷ್ಯನಿಗೆ ಅವತ್ತು ಒಂದು ವಾಕ್ಯ ನೆಟ್ಟಗೆ ಬರಲಿಲ್ಲ. ಸಾಹೇಬ ತಲೆಯಾಡಿಸಿದ. ಉಳಿದ ತಟ್ಟೆಗಳೆಲ್ಲ ಗಾಯಕಿಯವು, ಅವರ ಟಾಂಗಾ ಬಂದು ನಿಂತೂ ಆಗಿತ್ತು. ದಾವಲ ಹಾಡಿದ ತಟ್ಟೆಯನ್ನು ಅವನು ಎತ್ತಿ, ಹೆರೆದು ಮತ್ತೆ ಬಳಸುವ ತಟ್ಟೆಗಳ ಪೆಟ್ಟಿಗೆಯಲ್ಲಿ ಇಟ್ಟ. "ಬರೂ ವರ್ಷ ಬರ್ರಿ" ಎಂದ ಹಾರ್ಮೋನಿಯಂದವನು, ಪಾಪ, ಅವನಾದರೂ ಏನು ಹೇಳಿಯಾನು?

ಹಿಂದಿರುಗುವ ಗಾಡಿಯಲ್ಲಿ ಮಾಸ್ತರರು ಉಪರಣೆಯನ್ನು ಬಾಯಿಗೆ ಒತ್ತಿಕೊಂಡೇ ಕುಳಿತಿದ್ದರು. ದಾವಲ ಅವರೆದುರು ಕುಳಿತು ಸಮಾಧಾನ ಮಾಡಿದ. "ಮಾಸ್ತರ, ಪ್ಲೇಟು ಹೋದ್ರ ಹೋಗ್ಲಿ ಬಿಡ್ರಿ. ನಿಮ್ಮ ಬಾಯಾಗಿಂದ ವನ್ಸ್‌ಮೋರ್ ಅನಿಸಿಕೊಂಡಾವ ಇಡೀ ಹೈಸ್ಕೂಲಿನಾಗ ನಾನೊಬ್ಬನಽ ಅಲ್ರಿ?" ಎಂದ. ಅವರು ಉಪರಣೆ ಇಳಿಸಲಿಲ್ಲ. ಆಗ ದಾವಲ ಗಾಡಿಯ ಸಪ್ಪಳದಲ್ಲೇ ಆ ಹಾಡನ್ನು ಪೂರ್ತಿ ಇನ್ನೊಮ್ಮೆ ಹಾಡಿದ. ಕೂಗಿದ ವನ್ಸ್‌ಮೋರಿನ ಲೆಕ್ಕ ಚುಕ್ತಾ ಎನ್ನುವ ಹಾಗೆ. ಕೊನೆಗೆ ಹೆಸರನ್ನೂ ಹೇಳಿದ, "ಇಜ್" ಎಂಬುದನ್ನು ಗಿಡ್ಡ ಮಾಡಿ. ಮಾಸ್ತರರು ಅತ್ತರು.

ಬದಾಮಿ ಸ್ಟೇಶನ್ನಿನಲ್ಲಿ ನೀರು ಕುಡಿಯಲು ಇಳಿದಾಗ ಅವನು ನನ್ನ ತೋಳು ಹಿಡಿದು, "ನಮ್ಮಪ್ಪಗ ಇದನ್ನೇನೂ ಹೇಳಬ್ಯಾಡಲೇ. ಮಾಸ್ತರಂದ್ರ ಅಪ್ಪಗ ದೇವರಿದ್ದಂಗ. ಪ್ಲೇಟು ವಿಲಾಯತಿಗೆ ಹೋಗೈತಿ ಅಂತೇನಿ. ಬರೂ ವರ್ಷ ಮತ್ತ ಹಾಡತೇನಿ, ಅವಂಗೇನ್ ತಿಳೀತೈತಿ?" ಎಂದ. ನನಗೂ ಅದು ಸರಿ ಅನ್ನಿಸಿತು.

ದಾವಲ ಪಾಸಾದ. ಊರಿಗೆ ಹೋಗಿ ಅಲ್ಲೇ ಸಾಲಿ ಮಾಸ್ತರನಾದ. ಒಂದು ಸಂತೆಯ ದಿನ ಬಂದಗಿಸಾಬ ಮಗನನ್ನು ಕರೆದುಕೊಂಡು ಬಾಗಲಕೋಟೆಗೆ ಬಂದು, "ಮಾಸ್ತರ, ನಮ್ಮ ದಾವಲನ ಪ್ಲೇಟು ಬಂತೇನ್ರಿ?" ಎಂದು ಕೇಳಿದ. ಮಾಸ್ತರರು ತಬ್ಬಿಬ್ಬಾದರು. ಅಪ್ಪನ ಬೆನ್ನ ಹಿಂದೆ ದಾವಲ ಕೈಜೋಡಿಸಿ ನಿಂತಿದ್ದ, ಬೇಡ ಬೇಡ ಎಂದು ತಲೆಯಾಡಿಸುತ್ತ. "ಇನ್ನೂ ಇಲ್ಲ ಬಂದಗಿಸಾಬ" ಎಂದರು ಮಾಸ್ತರರು. ಬರುವ ವರ್ಷ ಸರಿಪಡಿಸಿದರಾಯಿತು ಎಂಬ ನಂಬಿಕೆ ಅವರಿಗೂ ಇತ್ತು.

ಆ ಬರುವ ವರ್ಷ ಬರಲಿಲ್ಲ. ಲಡಾಯಿ ಹತ್ತಿತು, ಸಾಹೇಬರು ಈ ಕಡೆ ಸುಳಿಯಲಿಲ್ಲ. ಲಡಾಯಿ ಮುಗಿಯುವ ಹೊತ್ತಿಗೆ ಊರೂರಿಗೆ ಇನ್‌ಫ್ಲುಯೆಂಜಾ ಜ್ವರ ಬಂತು. ಮನೆಮನೆಯಲ್ಲಿ ಹೆಣ. ದಾವಲ ಅದರಲ್ಲಿ ಹೋದ. ನನಗೆ ಸುದ್ದಿ ತಿಳಿಯುವಷ್ಟರಲ್ಲಿ ಮಣ್ಣೂ ಆಗಿತ್ತು. ಇಷ್ಟು ವರ್ಷವಾದರೂ ಅದನ್ನು ನೆನೆದರೆ ನನಗೆ ಸಿಟ್ಟು ಬರುತ್ತದೆ, ಯಾರ ಮೇಲೆ ಎಂದು ಗೊತ್ತಿಲ್ಲ.

ಬಂದಗಿಸಾಬ ಆಮೇಲೆ ಬಂದಾಗ ನಾನೂ ಮಾಸ್ತರರ ಮನೆಯಲ್ಲಿದ್ದೆ. ಅವನು ಅಳಲಿಲ್ಲ. "ಮಾಸ್ತರ, ಹುಡುಗ ಹೋದಾ. ಅವನ ದನಿ ಒಂದರ ಉಳದೈತೆಲ್ಲಾ ಅಂತ ಸಮಾಧಾನ ಮಾಡಕೊಂಡೇನ್ರಿ. ಪ್ಲೇಟು ಬಂದ್ರ ತಿಳಸ್ರಿ" ಎಂದ. ನೀವೇ ಹೇಳಿ, ಇದನ್ನು ಕೇಳಿದ ಮೇಲೆ ಯಾರ ಬಾಯಿಂದ ನಿಜ ಹೊರಟೀತು? ಮಾಸ್ತರರು ಹೂಂ ಎಂದರು. ಅವನು ಹೋದ ಮೇಲೆ ಊಟ ಬಿಟ್ಟು ಮಲಗಿದರು.

ಆಮೇಲೆ ಕಂಡವರು ಹೇಳುತ್ತಿದ್ದರು. ಇಳಕಲ್ಲಿನಲ್ಲಿ, ಹುನಗುಂದದಲ್ಲಿ ಯಾರಾದರೂ ಹೊಸ ಪ್ಲೇಟು ತಂದರೆ ಬಂದಗಿಸಾಬ ಅಲ್ಲಿಗೆ ಹೋಗಿ ಕಟ್ಟೆಯ ತುದಿಗೆ ಕೂಡುತ್ತಾನಂತೆ. ಓದಲು ಬರುವುದಿಲ್ಲವಲ್ಲ, ಹಾಡು ಮುಗಿದ ಮೇಲೆ ಹೆಸರು ಹೇಳುತ್ತಾರೆಂದು ಕೊನೆಯ ಗರಗರ ನಿಲ್ಲುವ ತನಕ ಕಿವಿಗೊಟ್ಟು ಕೇಳುತ್ತಾನಂತೆ. ಅಷ್ಟೊತ್ತಿಗೆ ಪ್ಲೇಟುಗಳಲ್ಲಿ ಹೆಸರು ಹೇಳುವ ರೂಢಿಯೇ ನಿಂತುಹೋಗಿತ್ತು. ಅದನ್ನು ಅವನಿಗೆ ಯಾರೂ ಹೇಳಿರಲಿಲ್ಲ. ನಾನು ಇದನ್ನು ಮಾಸ್ತರರಿಗೆ ತಿಳಿಸಿದ ದಿನ ಅವರು, "ಸಾಕು, ಇನ್ನ ಏನೂ ಹೇಳಬ್ಯಾಡ" ಎಂದು ಎದ್ದು ಒಳಗೆ ಹೋದರು.

ಶಾಲೆಯಲ್ಲಿ ಮಾತ್ರ ಅವರು ಬದಲಾಗಿದ್ದರು. ನಾಟಕಕ್ಕೆ ಹಾಕಿದ್ದ ಬಂದಿಯನ್ನು ತೆಗೆದುಹಾಕಿದರು. ಪ್ರತಿ ಗ್ಯಾದರಿಂಗಿನಲ್ಲಿ ಮುಂದಿನ ಸಾಲಿನಲ್ಲಿ ಕೂಡುತ್ತಿದ್ದರು, ಹುಡುಗರ ಹಾಡು ಕೇಳುತ್ತಿದ್ದರು. ಹಾಡು ಮುಗಿಯಲು ಬಂತೆಂದರೆ ಉಪರಣೆ ಬಾಯಿಗೆ ಹೋಗುತ್ತಿತ್ತು. ವಕೀಲರು ಬೇಸರ ಎಂದು ತಿಳಿದದ್ದು ಅದನ್ನೇ. ತಮ್ಮ ಬಾಯಿಯ ಮೇಲೆ ತಮಗೇ ಭರವಸೆ ಇಲ್ಲದ ಮನುಷ್ಯ ಅವರು. ಕೊನೆಯವರೆಗೂ ಬಾಯಿ ಕಟ್ಟಿಕೊಂಡೇ ಹಾಡು ಕೇಳಿದರು.

ನಿವೃತ್ತರಾದ ಮರುವಾರ ನನಗೆ ಹೇಳಿಕಳಿಸಿದರು. "ಇಳಕಲ್ಲಿಗೆ ಹೋಗೋಣ, ನಡಿ. ನೀ ಕಂಡಾವ. ನಾ ಏನರ ಸುಳ್ಳು ಬೆರಸಿದ್ರ ಅಲ್ಲೇ ಬಾಯಿ ಹಿಡಿ" ಎಂದರು. ಆಗ ಮೋಟಾರು ಶುರುವಾಗಿತ್ತು. ಕಮತಗಿ ಬಂದಾಗ ಮಾಸ್ತರರು ತಮ್ಮೂರ ಕಡೆಯೂ ಕಣ್ಣೆತ್ತಲಿಲ್ಲ.

ಬಂದಗಿಸಾಬ ಹಣ್ಣಾಗಿದ್ದ. ಅಂಗಳದಲ್ಲಿ ಗಳಕ್ಕೆ ಹಾಕಿದ ಕೆಂಪು ರೇಷ್ಮೆ ನೂಲು ಒಣಗುತ್ತಿತ್ತು. ನಮ್ಮನ್ನು ನೋಡಿ ಹಿಗ್ಗಿ, ಕಂಬಳಿ ಹಾಸಿ, "ಬರ್ರಿ ಮಾಸ್ತರ, ಬರ್ರಿ. ಕುಂದರ್ರಿ. ಪ್ಲೇಟು ಬಂತೇನ್ರಿ?" ಎಂದ.

"ನಾ ಕುಂದ್ರೂದಿಲ್ಲ ಬಂದಗಿಸಾಬ. ಮೊದಲ ಹೇಳೂದು ಹೇಳ್ತೇನಿ."

ನಿಂತೇ ಹೇಳಿದರು, ತಪ್ಪು ಉತ್ತರ ಕೊಟ್ಟ ಹುಡುಗನ ಹಾಗೆ ಕೈಕಟ್ಟಿಕೊಂಡು. ಬಂಗಲೆ, ಕೊಳವೆ, ಮೇಣದ ತಟ್ಟೆ, ಸಾಹೇಬ ಎತ್ತಿದ ಕೈ, ತಾವೇ ಎಲ್ಲರಿಗೂ ಕೊಟ್ಟ ತಾಕೀತು, ತಾವೇ ಕೂಗಿದ ಕೂಗು, ಒಂದನ್ನೂ ಬಿಡಲಿಲ್ಲ. ದಾವಲ ಮುಚ್ಚಿಟ್ಟದ್ದು ತಮ್ಮ ಮರ್ಯಾದೆಗಾಗಿ ಎಂಬುದನ್ನೂ ಹೇಳಿದರು. ನಾನು ಬಾಯಿ ಹಿಡಿಯುವ ಪ್ರಸಂಗ ಬರಲೇ ಇಲ್ಲ.

ಮುದುಕ ಗಳದ ಮೇಲಿನ ನೂಲನ್ನು ಸರಿಪಡಿಸುತ್ತ ನಿಂತ. ಸರಿಯಾಗಿಯೇ ಇದ್ದದ್ದನ್ನು ಮತ್ತೆ ಮತ್ತೆ ಸರಿಪಡಿಸಿದ.

"ಅಂದ್ರ ಪ್ಲೇಟು ಆಗೇ ಇಲ್ಲ?"

"ಇಲ್ಲ. ನಾ ಕೆಡಿಸಿದೆ."

"ಎಂದೂ ಬರೂದಿಲ್ಲ?"

"ಬರೂದಿಲ್ಲ ಬಂದಗಿಸಾಬ."

ಅವನು ತಲೆಗೆ ಸುತ್ತಿದ ಬಟ್ಟೆ ಬಿಚ್ಚಿ ಮುಖ ಒರೆಸಿಕೊಂಡ. ಬೈದಿದ್ದರೆ ಚೆನ್ನಾಗಿತ್ತು. ಆ ಬಟ್ಟೆಯನ್ನು ಹಿಡಿದುಕೊಂಡೇ, "ನೀವು ಕೂಗಿದ್ರಿ?" ಎಂದ. "ನಮ್ಮ ಹುಡುಗನ ಹಾಡಿಗೆ, ನೀವು? ಮಾಸ್ತರ ಇವತ್ತ ಕುಂದ್ರು ಅಂದ್ರಪಾ ಅಂತ ಬಂದು ಹೇಳತಿದ್ದ, ಅಷ್ಟಕ್ಕಽ ಹಿಗ್ಗತಿದ್ದ. ಅಂಥವರು ನೀವು ವನ್ಸ್‌ಮೋರ್ ಅಂದ್ರಿ?"

"ಅಂದೆ."

"ಹೆಂಗಂದ್ರಿ? ಒಮ್ಮೆ ಅನ್ರಿ ಮಾಸ್ತರ. ಅವತ್ತ ಅಂದಂಗಽ ಅನ್ರಿ. ಅವನ ದನಿ ಅಂತೂ ಇಲ್ಲ. ಅದನ್ನರ ಕೇಳತೇನಿ."

ಮಾಸ್ತರರು ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ. ಅವರ ಕೈ ರೂಢಿಯಂತೆ ಉಪರಣೆಯ ಕಡೆ ಹೋಯಿತು. ಆದರೆ ಅದನ್ನು ಹೆಗಲಿನಿಂದ ತೆಗೆದು ನನ್ನ ಕೈಗೆ ಕೊಟ್ಟರು. ಬಲಗೈ ಮೇಲೆತ್ತಿದರು.

"ವನ್ಸ್‌ಮೋರ್!"

ದನಿ ಒಡೆದಿತ್ತು, ಆದರೂ ಅದೇ ಕೂಗು. ನೆರೆಮನೆಯ ಮಗ್ಗದ ಸಪ್ಪಳ ಗಕ್ಕನೆ ನಿಂತಿತು. ಬಂದಗಿಸಾಬ ಕಣ್ಣು ಮುಚ್ಚಿ, ತಲೆ ಒಂದು ಕಡೆ ವಾಲಿಸಿ, ಕಿವಿಗೊಟ್ಟು ಕಾಯುತ್ತ ನಿಂತ. ಕೂಗಿದ ಮೇಲೆ ಹಾಡು ಮತ್ತೆ ಶುರುವಾಗಬೇಕಲ್ಲ. ನಾನೂ ಹುಚ್ಚನ ಹಾಗೆ ಕಾದೆ. ಏನೂ ಇಲ್ಲ. ಸ್ವಲ್ಪ ಹೊತ್ತಿಗೆ ನೆರೆಮನೆಯ ಮಗ್ಗ ಮತ್ತೆ ಬಡಿಯತೊಡಗಿತು.

ಮುದುಕ ಕಣ್ಣು ತೆರೆದ. "ಖರೆ. ಭಾಳ ಚೊಲೋ ಹಾಡಿರಬೇಕು" ಎಂದ. ಆಮೇಲೆ ಕಂಬಳಿಯ ಕಡೆ ಆ ಕೆಂಪು ಕೈ ತೋರಿಸಿ, "ಹೂಂ, ಕುಂದರ್ರಿ ಮಾಸ್ತರ" ಎಂದ.

ಮಾಸ್ತರರು ಕುಳಿತರು.